ಸೇವೆಯೂ ಶ್ರದ್ಧೆಯೂ

ಶ್ರದ್ಧೆಯುಳ್ಳವನು ಸೇವೆಗೆ ಹೊರಡುತ್ತಾನೆ ಎಂಬುದು ಲೋಕರೂಢಿಯ ಮಾತು. ಸೇವೆಗೆ ಹೊರಟವನಿಗೆ ಅಲ್ಲಿ ಶ್ರದ್ಧೆ ದೊರೆಯುವುದೂ ಉಂಟೆ? ದೊರೆತರೆ, ಅದು ನಿಜವಾದ ಶ್ರದ್ಧೆಯೋ, ಒಳ್ಳೆಯ ಜೊತೆಗಾರರ ನಡುವೆ ಹುಟ್ಟಿದ ಬರಿಯ ಹುಮ್ಮಸ್ಸೋ? ಓದು ಮುಗಿಸಿದ ಮಗನೋ ಮಗಳೋ ‘ಒಂದು ವರ್ಷ ಸೇವೆಗೆ ಹೋಗಿಬರುತ್ತೇನೆ’ ಎಂದಾಗ ಈ ಹಳೆಯ ಪ್ರಶ್ನೆ ಮನೆಯಲ್ಲಿ ಹೊಸದಾಗಿ ಏಳುತ್ತದೆ.

1956ರಲ್ಲಿ ಅಲಾಸ್ಕದ ಕಾಪರ್ ವ್ಯಾಲಿಯಲ್ಲಿ ಜೆಸ್ಯೂಯಿಟ್ ಪಾದ್ರಿಗಳು ವಸತಿಶಾಲೆಯೊಂದನ್ನು ತೆರೆದರು. ಅದಕ್ಕೆ ನೆರವಾಗಲು ಅಮೆರಿಕದ ಕೆಲವರು ತರುಣ ತರುಣಿಯರು ಸಂಬಳದ ಆಸೆಯಿಲ್ಲದೆ ಬಂದರು. ಆ ಚಿಕ್ಕ ತಂಡದಿಂದ ಜೆಸ್ಯೂಯಿಟ್ ಸ್ವಯಂಸೇವಕ ದಳ ಬೆಳೆಯಿತು. ಕೆಲವರು ಕೂಡಿ ಒಂದೇ ಮನೆಯಲ್ಲಿ ವರ್ಷಕಾಲ ವಾಸ, ಊಟಕ್ಕೂ ಕೈಖರ್ಚಿಗೂ ಸಾಲುವಷ್ಟೇ ಹಣ, ಹಗಲೆಲ್ಲ ಅನ್ನ ನೀಡುವ ಕಡೆಯಲ್ಲೋ ಮನೆಯಿಲ್ಲದವರ ತಂಗುದಾಣದಲ್ಲೋ ಶಾಲೆಯಲ್ಲೋ ದುಡಿಮೆ: ಇದು ಅಲ್ಲಿಯ ಕ್ರಮ. ಸಮುದಾಯ, ಸರಳತೆ, ಸಾಮಾಜಿಕ ನ್ಯಾಯ, ಅಧ್ಯಾತ್ಮ, ಈ ನಾಲ್ಕು ಅವರ ಮೌಲ್ಯಗಳು. ಆ ವರ್ಷ ಕಳೆದವರು ‘ಬಾಳೆಲ್ಲ ಕೆಟ್ಟವರು’ ಎಂಬುದು ಅವರಲ್ಲಿ ಪ್ರಚಲಿತವಾದ ವಿನೋದ. ಕಂಡದ್ದನ್ನು ಕಂಡಮೇಲೆ ಹಿಂದಿನಂತೆ ಹಾಯಾಗಿರುವುದು ಸಾಧ್ಯವಿಲ್ಲ ಎಂದು ಅದರ ಇಂಗಿತ.

ಆದರೆ ಇಲ್ಲಿಯೇ ಒಂದು ತೊಡಕು. ಹಸಿದವನು ಬಂದುದು ಊಟಕ್ಕೆ, ಬಡಿಸುವವನ ಆತ್ಮೋದ್ಧಾರಕ್ಕಲ್ಲ. ಅವನ ಹಸಿವನ್ನು ನಾನು ನನ್ನ ಮೋಕ್ಷದ ಮೆಟ್ಟಿಲಾಗಿ ಮಾಡಿಕೊಂಡರೆ ಅದು ಸೇವೆಯೆನಿಸೀತೆ? ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗೆಂದು ಸರಕಾರವೂ ಚರ್ಚುಗಳೂ ನಡೆಸಿದ ಎಷ್ಟೋ ವಸತಿಶಾಲೆಗಳಲ್ಲಿ ಮಕ್ಕಳು ಮನೆಗೂ ತಾಯ್ನುಡಿಗೂ ಎರವಾದರು. ಅವನ್ನು ನಡೆಸಿದವರಲ್ಲಿ ದೈವಭಕ್ತರಿಗೆ ಕೊರತೆಯಿರಲಿಲ್ಲ. ಸೇವಕನ ಭಕ್ತಿ ಸೇವೆಯ ಒಳ್ಳೆಯತನಕ್ಕೆ ಸಾಕ್ಷಿಯಾಗಲಾರದು.

ಹಾಗಾದರೆ ಒರೆಗಲ್ಲು ಯಾವುದು? ನಮ್ಮ ಮಾತಿನಲ್ಲಿಯೇ ಒಂದು ಸೂಚನೆಯಿದೆ. ‘ಶ್ರದ್ಧೆ’ ಎಂದರೆ ನಂಬಿಕೆಯೂ ಹೌದು, ಕೆಲಸದಲ್ಲಿನ ಆಸ್ಥೆಯೂ ಹೌದು. ‘ವಿಶ್ವಾಸ’ ಎಂದರೆ ದೇವರಲ್ಲಿಡುವ ಭರವಸೆಯೂ ಹೌದು, ನೆರೆಮನೆಯವರೊಡನೆ ಇರುವ ಅಕ್ಕರೆಯೂ ಹೌದು. ಕನ್ನಡಿಗನ ನಾಲಗೆ ಇವನ್ನು ಬೇರ್ಪಡಿಸಿಲ್ಲ.

ವರ್ಷದ ಸೇವೆಯಲ್ಲಿ ಮೊದಲ ತಿಂಗಳು ಉತ್ಸಾಹವೇ ನಡೆಸುತ್ತದೆ. ನಾಲ್ಕನೆಯ ತಿಂಗಳಿಗೆ ಅದು ತೀರಿರುತ್ತದೆ. ಅದೇ ಸಾಲು, ಅದೇ ಬೈಗುಳ, ಪಾತ್ರೆ ತೊಳೆಯದೆ ಮಲಗಿದ ಅದೇ ಜೊತೆಗಾರ. ಮನುಕುಲವನ್ನು ಪ್ರೀತಿಸುವುದು ಸುಲಭ. ಒಂದು ಅಡಿಗೆಮನೆಯನ್ನು ಹಂಚಿಕೊಳ್ಳುವುದು ಕಷ್ಟ. ಆದರೂ ಬೆಳಗಿನ ಚಳಿಯಲ್ಲಿ ಅವನು ಎದ್ದು ಒಲೆ ಹಚ್ಚುತ್ತಾನೆ, ಏಕೆಂದರೆ ಯಾರೋ ಕಾದಿರುತ್ತಾರೆ, ಜೊತೆಯವರೊಬ್ಬರು ಆಗಲೇ ಎದ್ದಿರುತ್ತಾರೆ. ಹುಮ್ಮಸ್ಸು ಮುಗಿದು ಶ್ರದ್ಧೆ ಮೊದಲಾಗುವುದು ಅಲ್ಲಿ. ಜೊತೆಯವರಿಂದ ಬಂದಿತೆಂಬ ಕಾರಣಕ್ಕೆ ಅದು ಸುಳ್ಳಾಗದು. ಮಾತೃಭಾಷೆಯನ್ನೂ ನಾವು ಇತರರಿಂದಲೇ ಕಲಿತೆವಲ್ಲವೆ?

ಮೆಟ್ಟಿಲಿನ ಪ್ರಶ್ನೆ ಉಳಿಯಿತು. ಹನ್ನೆರಡನೆಯ ಶತಮಾನದ ಶರಣರು ನೀಡುವಿಕೆಯನ್ನು ದಾನವೆನ್ನದೆ ದಾಸೋಹವೆಂದರು. ‘ನಾನು ದಾಸ’ ಎಂಬುದು ಆ ಪದದಲ್ಲಿಯೇ ಇದೆ. ದಾಸನಾದವನು ಒಡೆಯನ ಮಾತನ್ನು ಕೇಳಬೇಕು. ಉಣ್ಣುವವನು ‘ಇದು ಬೇಡ’ ಎಂದರೆ ಒಪ್ಪಬೇಕು, ‘ಹೀಗಲ್ಲ’ ಎಂದರೆ ತಿದ್ದಿಕೊಳ್ಳಬೇಕು. ಮಕ್ಕಳನ್ನು ಕರೆದೊಯ್ದವರು ತಾಯಂದಿರ ಮಾತಿಗೆ ಕಿವಿಗೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಒಂದು ಕಡೆಯವರು ನೀಡುತ್ತಲೇ ಇದ್ದು ಇನ್ನೊಂದು ಕಡೆಯವರು ಕೈಯೊಡ್ಡುತ್ತಲೇ ಇರುವಲ್ಲಿ ಸಮುದಾಯವಿಲ್ಲ.

ಆದುದರಿಂದ, ವರ್ಷ ಕಳೆದು ಹಿಂದಿರುಗಿದ ಮಕ್ಕಳನ್ನು ‘ನಿನಗೇನು ಲಾಭವಾಯಿತು?’ ಎಂದು ಕೇಳುವುದು ಬೇಡ. ‘ದೇವರು ಸಿಕ್ಕನೆ?’ ಎಂದು ಕೇಳುವುದೂ ಬೇಡ. ‘ಅಲ್ಲಿ ಯಾರ ಯಾರ ಹೆಸರು ಬಲ್ಲೆ? ಅವರು ಹೇಳಿದರೆಂದು ನೀನು ಬದಲಿಸಿಕೊಂಡದ್ದೇನು?’ ಎಂದು ಕೇಳೋಣ. ಅದಕ್ಕೆ ಉತ್ತರವಿದ್ದರೆ, ಮಿಕ್ಕ ಪ್ರಶ್ನೆಗಳಿಗೂ ಅದರೊಳಗೇ ಉತ್ತರವಿದ್ದೀತು.