ಕರಗುವ ಆನೆಗೆ ಕಣ್ಣೇಕೆ?

ಸಂಕ್ರಾಂತಿ ಹತ್ತಿರವಾದರೆ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಅಂಗಡಿಗಳಿಗೆ ಸಕ್ಕರೆ ಅಚ್ಚುಗಳು ಬರುತ್ತವೆ. ಆನೆ, ಗಿಳಿ, ನವಿಲು, ಗೋಪುರ, ತುಳಸಿಕಟ್ಟೆ. ಎಳ್ಳು ಬೀರಿ ಬಂದ ಮಗು ಮೊದಲು ಮುರಿಯುವುದು ಆನೆಯ ಸೊಂಡಿಲನ್ನೇ. ಗಳಿಗೆಯಲ್ಲಿ ಕರಗುವ ಆನೆಗೆ ಕಣ್ಣೇಕೆ, ಕಿವಿಯೇಕೆ? ಬರೀ ಸಕ್ಕರೆ ಉಂಡೆ ಸಾಲದೆ?

ಜಪಾನಿನ ‘ವಾಗಾಶಿ’ ಸಿಹಿಗಳನ್ನು ಕಂಡರೂ ಇದೇ ಪ್ರಶ್ನೆ ಏಳುತ್ತದೆ. ಚಹಾದ ಜೊತೆ ಕೊಡುವ ಅವು ಋತುವನ್ನೇ ಹೊತ್ತು ಬರುತ್ತವೆ: ವಸಂತಕ್ಕೆ ಚೆರ್ರಿ ಹೂವು, ಎಲೆ ಉದುರುವ ಕಾಲಕ್ಕೆ ಮೇಪಲ್ ಎಲೆ. ಅವುಗಳಲ್ಲೊಂದಾದ ‘ರಾಕುಗಾನ್’ ಅಕ್ಕಿಹಿಟ್ಟು, ಸಕ್ಕರೆಯನ್ನು ಮರದ ಅಚ್ಚಿಗೆ ಒತ್ತಿ ತೆಗೆದದ್ದು. ನಮ್ಮ ಸಕ್ಕರೆ ಅಚ್ಚಿಗೆ ದೂರದ ನಂಟು. ಎರಡು ತುತ್ತಿಗೆ ಮುಗಿಯುವ ಈ ರೂಪಗಳನ್ನು ದಾರದಲ್ಲಿ ಹೊಲಿದು ಉಳಿಸಿಕೊಳ್ಳುವ ಕಲೆಯೂ ಅಲ್ಲಿ ಉಂಟು. ನಮ್ಮಲ್ಲಿಯೂ ಹಾಗೆಯೇ. ಧಾರವಾಡದ ಕಸೂತಿಯಲ್ಲಿ ಅದೇ ಆನೆ, ಗಿಳಿ, ಗೋಪುರ, ತುಳಸಿಕಟ್ಟೆ! ನಾಲಗೆಯ ಮೇಲೆ ಕರಗಿದ್ದು ಸೆರಗಿನ ಮೇಲೆ ನಿಂತಿದೆ.

ಕಸೂತಿಯ ಗವಂತಿ ಹೊಲಿಗೆಯಲ್ಲಿ ಗಂಟಿಲ್ಲ. ಮುಂದೆ ಹೋದ ದಾರ, ಬಿಟ್ಟ ಜಾಗವನ್ನು ತುಂಬುತ್ತ ಹಿಂದಿರುಗುತ್ತದೆ. ಬಟ್ಟೆ ಮಗುಚಿದರೂ ಅದೇ ಗೋಪುರ. ಉಟ್ಟಾಗ ಯಾರೂ ಕಾಣದ ಮಗ್ಗುಲಿಗೂ ಅಷ್ಟೇ ಮರ್ಯಾದೆ.

ದಾರದ ಮಾತು ಬಂದರೆ ರೇಷ್ಮೆಯ ಊರು ಶಿಡ್ಲಘಟ್ಟ ನೆನಪಾಗಲೇಬೇಕು. ಅಲ್ಲಿ ನೂಲು ತೆಗೆಯುವವರು ಬಿಸಿನೀರಿಗೆ ಬೆರಳಿಳಿಸಿ, ಬೆಂದ ಗೂಡುಗಳಲ್ಲಿ ಕೂದಲಿಗಿಂತ ಸಣ್ಣ ಎಳೆಗಳ ತುದಿ ಹುಡುಕುತ್ತಾರೆ. ಹಲವು ಗೂಡುಗಳ ಎಳೆ ಕೂಡಿದರೆ ಒಂದು ನೂಲು. ಒಳಗಿನ ಹುಳು ಅದಕ್ಕಾಗಿ ಪ್ರಾಣ ಕೊಟ್ಟಿದೆ. ಬೆರಳುಗಳು ಚರ್ಮ ಕೊಟ್ಟಿವೆ. ಆ ನೂಲು ಯಾರ ಸೀರೆಯಾಯಿತು, ಯಾವ ನವಿಲಾಯಿತು ಎಂಬುದು ಆ ಬೆರಳುಗಳಿಗೆ ತಿಳಿಯುವುದಿಲ್ಲ. ಆದರೂ ಎಳೆ ತುಂಡಾದರೆ ಹುಡುಕಿ ಕೂಡಿಸುತ್ತವೆ. ರೇಷ್ಮೆಗೂ ಒಂದು ಹಿಂಬದಿ ಇದೆ. ಅದನ್ನು ಮಗುಚಿ ನೋಡುವವರು ಕಡಿಮೆ.

ಕೆಲಸದ ಮುಂದೆ ನಾವು ಸಾಮಾನ್ಯವಾಗಿ ಎರಡು ಲೆಕ್ಕ ಹಾಕುತ್ತೇವೆ: ಇದು ಎಷ್ಟು ದಿನ ಬಾಳುತ್ತದೆ? ಯಾರು ನೋಡುತ್ತಾರೆ? ಮೊದಲ ಲೆಕ್ಕವನ್ನು ಸಕ್ಕರೆಯ ಆನೆ ಕೇಳುವುದಿಲ್ಲ, ಎರಡನೆಯದನ್ನು ಗವಂತಿ ಕೇಳುವುದಿಲ್ಲ. ಬಿಸಿನೀರಿನ ಮುಂದೆ ಕೂತವರಿಗೆ ಎರಡನ್ನೂ ಕೇಳುವಷ್ಟು ಪುರುಸೊತ್ತಿಲ್ಲ.

ಮಗುವಿನ ಬಾಯಲ್ಲಿ ಆನೆಯ ಕಣ್ಣು ಕರಗಿಹೋಗುತ್ತದೆ. ಎಂದೋ ಯಾರೋ ಮರದಲ್ಲಿ ಕೊರೆದ ಕಣ್ಣು ಮಾತ್ರ ಅಚ್ಚಿನೊಳಗೆ ಹಾಗೇ ಇರುತ್ತದೆ, ಮುಂದಿನ ಸಂಕ್ರಾಂತಿಯ ಪಾಕಕ್ಕೆ ಕಾಯುತ್ತ.