ಇದ್ದರೆ ಏನು ನಷ್ಟ?

ಹಳೆಯ ಸಿ ಕೋಡಿನಲ್ಲಿ, ಈ ವೇರಿಯಬಲ್ಲನ್ನು ಪ್ರೊಸೆಸರಿನ ರಿಜಿಸ್ಟರಿನಲ್ಲೇ ಇಡು ಎಂದು ಕಂಪೈಲರಿಗೆ ಸುಳಿವು ಕೊಡುವ ‘ರಿಜಿಸ್ಟರ್’ ಪದ ಕಂಡು, ಇದನ್ನು ತೆಗೆಯೋಣ ಎಂದರೆ ಸಿಗುವ ಉತ್ತರ ಒಂದೇ: “ಇದ್ದರೆ ಏನು ನಷ್ಟ? ಕಂಪೈಲರ್ ಹೇಗೂ ಕೇರ್ ಮಾಡಲ್ಲವಲ್ಲ.” ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೋಡನ್ನು ಓದುವುದು ಕಂಪೈಲರ್ ಮಾತ್ರವೇ? ನಾಳೆ ಅದನ್ನು ತಿದ್ದಲು ಕೂರುವ ಹುಡುಗಿ, ಇಲ್ಲೇನೋ ವೇಗದ ಗುಟ್ಟಿದೆ ಎಂದುಕೊಂಡು ಆ ಭಾಗವನ್ನು ಮುಟ್ಟಲೇ ಹೆದರುತ್ತಾಳೆ.

ಒಂದು ಕಾಲಕ್ಕೆ ಅದು ಬೇಕಿತ್ತು, ನಿಜ. ಪಿಡಿಪಿ-11 ಕಂಪ್ಯೂಟರಿನಲ್ಲಿ ಒಂದು ಫಂಕ್ಷನ್‌ನ ಮೊದಲ ಮೂರು ರಿಜಿಸ್ಟರ್ ಘೋಷಣೆಗಳಿಗಷ್ಟೇ ಬೆಲೆ ಎಂದು 1978ರಲ್ಲೇ ಕರ್ನಿಘನ್ ಮತ್ತು ರಿಚಿ ತಮ್ಮ ಸಿ ಪುಸ್ತಕದಲ್ಲಿ ಬರೆದಿದ್ದರು. ನಮ್ಮ ಕಾಲೇಜು ಲ್ಯಾಬಿನ ಟರ್ಬೊ ಸಿಗೆ ಈ ಕೆಲಸಕ್ಕೆ ಇದ್ದದ್ದು ಎಸ್‌ಐ, ಡಿಐ ಎಂಬ ಎರಡೇ ರಿಜಿಸ್ಟರ್. ವೈವಾದಲ್ಲಿ ರಿಜಿಸ್ಟರ್ ಸೇರಿದಂತೆ ನಾಲ್ಕು ಸ್ಟೋರೇಜ್ ಕ್ಲಾಸುಗಳನ್ನು ಉರುಹೊಡೆದು ಒಪ್ಪಿಸಿದೆವು. ಮೂರನೆಯ ವೇರಿಯಬಲ್‌ಗೂ ಹಾಗೆ ಬರೆದರೆ ಏನಾಗುತ್ತದೆಂದು ಯಾರೂ ಕೇಳಲಿಲ್ಲ. 80ರ ದಶಕದ ಆರಂಭದಲ್ಲಿ ಐಬಿಎಂನ ಚೈಟಿನ್ ಮತ್ತು ಜೊತೆಗಾರರು ವೇರಿಯಬಲ್ಲುಗಳಿಗೆ ರಿಜಿಸ್ಟರ್ ಹಂಚುವ ಕೆಲಸವನ್ನು ಗ್ರಾಫಿಗೆ ಬಣ್ಣ ತುಂಬುವ ಲೆಕ್ಕವಾಗಿಸಿದ ಮೇಲೆ ನಮ್ಮ ಅಂದಾಜು ಯಾರಿಗೆ ಬೇಕು?

ನನ್ನನ್ನು ನಿಜಕ್ಕೂ ಕಾಡಿದವರು ಜೊತೆಗೆ ಫರ್ಮ್‌ವೇರ್ ಬರೆಯುತ್ತಿದ್ದ ಹಿರಿಯರೊಬ್ಬರು. “ನೀವು ಅದನ್ನ ಸುಳಿವು ಅಂತ ಓದ್ತೀರಿ, ನಾನು ಕಟ್ಟಳೆ ಅಂತ ಓದ್ತೀನಿ,” ಎಂದವರೇ ರಿಜಿಸ್ಟರ್ ವೇರಿಯಬಲ್ ಒಂದರ ಹೆಸರಿನ ಮೊದಲು ಅದರ ವಿಳಾಸ ಕೇಳುವ & ಒತ್ತಿದರು. ಜಿಸಿಸಿ ಎಚ್ಚರಿಕೆಯಲ್ಲ, ಎರರ್ರೇ ಕೊಟ್ಟಿತು. ಸ್ಟ್ಯಾಂಡರ್ಡಿನ ನಿಯಮವೇ ಹಾಗಿದೆ. ಅಂದರೆ ಯಾವ ಪಾಯಿಂಟರೂ ಕಳ್ಳದಾರಿಯಲ್ಲಿ ಬಂದು ಆ ವೇರಿಯಬಲ್ಲಿನ ಮೌಲ್ಯವನ್ನು ಬದಲಿಸದು ಎಂಬ ಭರವಸೆ ಘೋಷಣೆಯಲ್ಲೇ ಸಿಕ್ಕಿಬಿಡುತ್ತದೆ. ಸಾಲದ್ದಕ್ಕೆ, ಆಪ್ಟಿಮೈಸೇಶನ್ ಇಲ್ಲದ -ಓ0ಯಲ್ಲಿ ಜಿಸಿಸಿ ಆ ಪದಕ್ಕೆ ಬೆಲೆಯನ್ನೂ ಕೊಡುತ್ತದೆ. ಒಪ್ಪಿಕೊಂಡೆ. ಆದರೆ ಇದು ಸರಿಯಾದರೆ ‘ಕಂಪೈಲರ್ ಕೇರ್ ಮಾಡಲ್ಲ’ ಎಂಬವರ ವಾದ ಬಿದ್ದುಹೋಯಿತಲ್ಲ! ಆ ಭರವಸೆಗೆ ಈ ಪದವೇ ಏಕೆ, ಹತ್ತು ಸಾಲಿನ ಫಂಕ್ಷನ್ನಿನಲ್ಲಿ & ಇದೆಯೇ ಎಂದು ಕಣ್ಣಾಡಿಸಿದರೆ ಸಾಕು; ಇನ್ನೂರು ಸಾಲಿದ್ದರೆ ಅದನ್ನು ಒಡೆಯಬೇಕು ಎಂದೆ. “ಒಡೆಯೋಕೆ ಟೈಮ್ ಯಾರು ಕೊಡ್ತಾರೆ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನಷ್ಟವಂತೂ ಇದೆ. ಸಿ++17 ಈ ಪದದ ಬಳಕೆಯನ್ನೇ ಕಿತ್ತುಹಾಕಿದೆ. ನಮ್ಮ ಒಂದು ಹೆಡರಿನೊಳಗಿನ ಪುಟ್ಟ ಫಂಕ್ಷನ್‌ನಲ್ಲಿ ಅದು ಉಳಿದಿತ್ತು; ಸಿ++ ಕಡೆಯಿಂದ ಸೇರಿಸಿದ ದಿನ ಕ್ಲಾಂಗ್ ಕಂಪೈಲರ್ ಎರರ್ ಕೊಟ್ಟು ಅಲ್ಲೇ ನಿಂತಿತು. ಹಾಗೆಂದು ಸುಳಿವುಗಳನ್ನೆಲ್ಲ ಗುಡಿಸಿ ಎಸೆಯಿರಿ ಎನ್ನಲೂ ಧೈರ್ಯವಿಲ್ಲ. ‘ಇನ್‌ಲೈನ್’ ಕೂಡ ಸುಳಿವೇ ಎನ್ನುತ್ತಾರೆ. ಆದರೆ ಸಿ99ರಲ್ಲಿ ಅದು ಲಿಂಕಿಂಗಿನ ನಿಯಮವೂ ಹೌದು. ಹೆಡರಿನಿಂದ ಸುಮ್ಮನೆ ಅಳಿಸಿದರೆ ಲಿಂಕರ್ ‘ಒಂದೇ ಹೆಸರು ಎರಡು ಕಡೆ’ ಎಂದು ರಂಪ ಮಾಡಬಹುದು.

ಹೊಸ ಕೋಡಿನಲ್ಲಿ ನಾನು ರಿಜಿಸ್ಟರ್ ಬರೆಯುವುದಿಲ್ಲ, ಹೆಡರಿನಲ್ಲಿದ್ದರೆ ತೆಗೆಸುತ್ತೇನೆ. ಇನ್ನು ಸಿ ಕಡತಗಳೊಳಗಿನದು: ಆ ಹಿರಿಯರು ಬರೆದದ್ದಾದರೆ ಬಿಡುತ್ತೇನೆ, ಅಭ್ಯಾಸಬಲದಿಂದ ಯಾರೋ ಬರೆದದ್ದಾದರೆ ಅಳಿಸುತ್ತೇನೆ. ಎರಡೂ ಸಾಲು ಅಕ್ಷರಶಃ ಒಂದೇ ಆಗಿರುವಾಗ ಈ ಪಕ್ಷಪಾತಕ್ಕೆ ಆಧಾರವೇನೆಂದು ಕೇಳಿದರೆ, ಸದ್ಯಕ್ಕೆ ಏನೂ ಇಲ್ಲ.