ಮರಳಿ ಬರುವವನಿಗೆ ಊರಿನಲ್ಲಿ ಸ್ಥಳವಿದೆಯೇ?

ಅಮಲಿನ ಚಟಕ್ಕೆ ಬಿದ್ದವನು ಪಾಪಿಯೇ, ರೋಗಿಯೇ? ಈ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. "ಅವನಾಗಿಯೇ ಕೈ ಚಾಚಿದ್ದಾನೆ, ಅದರ ಫಲವನ್ನು ಅವನೇ ಉಣ್ಣಲಿ" ಎಂದು ಕೆಲವರು ಹೇಳುತ್ತಾರೆ. "ಅವನ ಕೈಯಲ್ಲೇನಿದೆ? ಅದೊಂದು ಕಾಯಿಲೆ" ಎಂದು ಇನ್ನು ಕೆಲವರು ಮರುಗುತ್ತಾರೆ. ಮೊದಲನೆಯ ಉತ್ತರವು ಅವನನ್ನು ಮನೆಯಿಂದ ಹೊರಹಾಕುತ್ತದೆ. ಎರಡನೆಯದು ಅವನಿಂದ ಹೊಣೆಗಾರಿಕೆಯನ್ನೇ ಕಸಿದುಕೊಳ್ಳುತ್ತದೆ. ಓದುಗರೇ, ಇವೆರಡರಲ್ಲಿ ಒಂದನ್ನು ನಾವು ಆರಿಸಿಕೊಳ್ಳಲೇಬೇಕೇ? ಅಮೆರಿಕದ ಒಂದು ಸಣ್ಣ ಪಟ್ಟಣದ ಅನುಭವವನ್ನು ಮುಂದಿಟ್ಟುಕೊಂಡು ಈ ಬಗ್ಗೆ ವಿಚಾರ ಮಾಡೋಣ.

ಓಹಾಯೋ ರಾಜ್ಯದ ದಕ್ಷಿಣದಲ್ಲಿ, ಓಹಾಯೋ ನದಿಯ ದಂಡೆಯ ಮೇಲೆ ಪೋರ್ಟ್ಸ್‌ಮೌತ್ ಎಂಬ ಪಟ್ಟಣವಿದೆ. ಒಂದು ಕಾಲದಲ್ಲಿ ಅಲ್ಲಿ ಪಾದರಕ್ಷೆಯ ಕಾರ್ಖಾನೆಗಳೂ ದೊಡ್ಡದೊಂದು ಉಕ್ಕಿನ ಕಾರ್ಖಾನೆಯೂ ಇದ್ದವು. 1930ರ ಜನಗಣತಿಯಂತೆ ಅಲ್ಲಿ 42 ಸಾವಿರಕ್ಕೂ ಹೆಚ್ಚು ಜನರಿದ್ದರು. ಕಾಲ ಬದಲಾಯಿತು. ಪಾದರಕ್ಷೆಯ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 1980ರಲ್ಲಿ ಉಕ್ಕಿನ ಕಾರ್ಖಾನೆಯೂ ಮುಚ್ಚಿತು. ಬೇಸಿಗೆಯಲ್ಲಿ ಊರಿನ ಬಹುಪಾಲು ಕುಟುಂಬಗಳು ಬಂದು ಸೇರುತ್ತಿದ್ದ 'ಡ್ರೀಮ್‌ಲ್ಯಾಂಡ್' ಎಂಬ ಈಜುಕೊಳ 1993ರಲ್ಲಿ ಮುಚ್ಚಲ್ಪಟ್ಟಿತು. 2020ರ ಜನಗಣತಿಯ ವೇಳೆಗೆ ಜನಸಂಖ್ಯೆ ಸುಮಾರು 18 ಸಾವಿರಕ್ಕೆ ಇಳಿದಿತ್ತು. ಕೆಲಸ ಹೋಯಿತು, ಕೂಡಿ ಕುಳಿತುಕೊಳ್ಳುವ ಜಾಗವೂ ಹೋಯಿತು. ಉಳಿದದ್ದು ದುಡಿದು ಸವೆದ ದೇಹಗಳ ನೋವು.

ಆ ನೋವಿಗೆ ಒಂದು ಮಾತ್ರೆ ಬಂತು. ಅಫೀಮಿನ ಜಾತಿಗೆ ಸೇರಿದ ಆಕ್ಸಿಕೋಡೋನ್ ಇರುವ 'ಆಕ್ಸಿಕಾಂಟಿನ್' ಎಂಬ ಮಾತ್ರೆಯನ್ನು ಪರ್ಡ್ಯೂ ಎಂಬ ಔಷಧ ಕಂಪೆನಿಯು 1996ರಲ್ಲಿ ಮಾರುಕಟ್ಟೆಗೆ ತಂದಿತು. ಅದು ದೇಹದಲ್ಲಿ ನಿಧಾನವಾಗಿ ಬಿಡುಗಡೆಯಾಗುವುದರಿಂದ ಚಟ ಹಿಡಿಯುವ ಭಯ ಕಡಿಮೆ ಎಂದು ವೈದ್ಯರನ್ನು ನಂಬಿಸಲಾಯಿತು. ಚಟದ ಅಪಾಯದ ಬಗ್ಗೆ ದಾರಿ ತಪ್ಪಿಸಿದ ಆರೋಪವನ್ನು 2007ರಲ್ಲಿ ಕಂಪೆನಿಯೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಸುಮಾರು 60 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿತು. ಆದರೆ ಅಷ್ಟರಲ್ಲಿ ಪೋರ್ಟ್ಸ್‌ಮೌತ್ ಮತ್ತು ಅದರ ಸುತ್ತಮುತ್ತ ನೋವಿನ ಚಿಕಿತ್ಸಾಲಯಗಳೆಂಬ ಹೆಸರಿನ ಅಂಗಡಿಗಳು ತುಂಬಿಹೋಗಿದ್ದವು. ಜನರು ಅವನ್ನು 'ಮಾತ್ರೆ ಗಿರಣಿ' ಎಂದು ಕರೆಯುತ್ತಿದ್ದರು. ಅಲ್ಲಿ ಸರಿಯಾದ ತಪಾಸಣೆ ಇರಲಿಲ್ಲ. ನಗದು ಕೊಟ್ಟರೆ ಚೀಟಿ ಸಿಗುತ್ತಿತ್ತು, ಹೊರಗೆ ಸರತಿ ಸಾಲು. ಆಗ ಸುಮಾರು 80 ಸಾವಿರ ಜನರಿದ್ದ ಆ ಜಿಲ್ಲೆಯಲ್ಲಿ 2010ರ ಒಂದೇ ವರ್ಷದಲ್ಲಿ ಸುಮಾರು 97 ಲಕ್ಷ ನೋವಿನ ಮಾತ್ರೆಗಳು ವಿತರಣೆಯಾದವು. ಅಂದರೆ ಹಸುಗೂಸು, ಮುದುಕರೆಂಬ ಭೇದವಿಲ್ಲದೆ ತಲೆಗೆ ನೂರಕ್ಕೂ ಹೆಚ್ಚು!

ಇಂತಹ ಮಾತ್ರೆ ದೇಹದೊಳಗೆ ಏನು ಮಾಡುತ್ತದೆಂದು ತಿಳಿಯದೆ ನಾವು ತೀರ್ಪು ನೀಡಬಾರದು. ನೋವನ್ನು ತಣಿಸಲು ಅಲ್ಲಾಹನು ಮೆದುಳಿನಲ್ಲಿ ಇಟ್ಟಿರುವ ಏರ್ಪಾಡನ್ನೇ ಅದು ಆಕ್ರಮಿಸಿಕೊಳ್ಳುತ್ತದೆ. ದಿನ ಕಳೆದಂತೆ ಮೊದಲಿನ ಪ್ರಮಾಣ ಸಾಲದಾಗುತ್ತದೆ. ನಿಲ್ಲಿಸಿದರೆ ಮೈಕೈ ಮುರಿಯುವ ನೋವು, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿ. ಆಗ ಮನುಷ್ಯನು ಸುಖಕ್ಕಾಗಿ ಅಲ್ಲ, ಆ ಯಾತನೆಯಿಂದ ತಪ್ಪಿಸಿಕೊಳ್ಳಲಿಕ್ಕಾಗಿ ಸೇವಿಸುತ್ತಾನೆ. ಅವನ ಇಚ್ಛಾಶಕ್ತಿ ಸತ್ತಿಲ್ಲ, ಆದರೆ ಸಂಕೋಲೆಯಲ್ಲಿದೆ. ಸಂಕೋಲೆ ಬಿಗಿದವನಿಗೆ "ನಡೆ" ಎಂದು ಗದರಿಸುವುದು ನ್ಯಾಯವಲ್ಲ. ಹಾಗೆಂದು ಅವನಿಗೆ ಕಾಲುಗಳೇ ಇಲ್ಲವೆನ್ನುವುದೂ ಸತ್ಯವಲ್ಲ.

ಹಾಗಾದರೆ ಪಾಪದ ಹೊಣೆ ಯಾರ ಮೇಲಿದೆ? ಮದ್ಯದ ವಿಷಯದಲ್ಲಿ ಹತ್ತು ಮಂದಿಯ ಮೇಲೆ ಶಾಪವಿದೆಯೆಂದು ತಿಳಿಸುವ ಪ್ರಸಿದ್ಧ ಹದೀಸನ್ನು ನೀವು ಕೇಳಿರಬಹುದು. ಕುಡಿಯುವವನು ಆ ಹತ್ತರಲ್ಲಿ ಒಬ್ಬನು ಮಾತ್ರ. ಹಿಂಡುವವನು, ಹಿಂಡಿಸುವವನು, ಹೊರುವವನು, ಬಡಿಸುವವನು, ಮಾರುವವನು, ಅದರ ಬೆಲೆಯನ್ನು ಉಣ್ಣುವವನು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಪೋರ್ಟ್ಸ್‌ಮೌತ್‌ನ ಕತೆಗೆ ಇದನ್ನು ಹೋಲಿಸಿ ನೋಡಿ. ತಯಾರಿಸಿದ ಕಂಪೆನಿ, ಸಾಗಿಸಿದ ವಿತರಕ, ಚೀಟಿ ಬರೆದ ವೈದ್ಯ, ಮಾತ್ರೆ ಕೊಟ್ಟ ಅಂಗಡಿಯವ, ಕಟ್ಟಡ ಬಾಡಿಗೆಗೆ ಕೊಟ್ಟವ, ಹೀಗೆ ಸರಪಳಿ ಎಷ್ಟು ಉದ್ದ! ಆದರೆ ಊರು ಬೆರಳು ತೋರಿಸುವುದು ಕೊನೆಯ ಕೊಂಡಿಯಲ್ಲಿ ಬೀದಿಯ ಮೇಲೆ ಬಿದ್ದಿರುವವನ ಕಡೆಗೆ. ಬೆಲೆ ಉಂಡವನು ಗೌರವಸ್ಥನಾಗಿಯೇ ಉಳಿಯುತ್ತಾನೆ.

2011ರಲ್ಲಿ ಓಹಾಯೋ ಸರಕಾರವು ಕಠಿಣ ಕಾನೂನು ತಂದು ಮಾತ್ರೆ ಗಿರಣಿಗಳನ್ನು ಮುಚ್ಚಿಸಿತು. ಅದು ಆಗಲೇಬೇಕಾದ ಕೆಲಸವಾಗಿತ್ತು. ಆದರೆ ಅಂಗಡಿ ಮುಚ್ಚಿದರೂ ಜನರ ದೇಹದೊಳಗಿನ ಹಸಿವು ಮುಚ್ಚಲಿಲ್ಲ. ಮಾತ್ರೆಯ ಜಾಗಕ್ಕೆ ಹೆರಾಯಿನ್ ಬಂತು, ಅದರ ಬೆನ್ನಿಗೇ ಅದಕ್ಕಿಂತ ಎಷ್ಟೋ ಪಟ್ಟು ತೀಕ್ಷ್ಣವಾದ ಫೆಂಟನಿಲ್ ಬಂತು. ಇಡೀ ಅಮೆರಿಕದಲ್ಲಿ 2022ರಲ್ಲಿ ಮಾದಕ ದ್ರವ್ಯಗಳ ಅತಿಸೇವನೆಯಿಂದ ಒಂದು ಲಕ್ಷಕ್ಕೂ ಅಧಿಕ ಜನ ಸತ್ತರು.

ಮದೀನಾದಲ್ಲಿ ಮದ್ಯನಿಷೇಧ ಜಾರಿಗೆ ಬಂದ ಬಗೆಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಪವಿತ್ರ ಕುರ್‌ಆನ್ ಮೊದಲು ಅದರಲ್ಲಿ ಲಾಭಕ್ಕಿಂತ ಪಾಪವೇ ದೊಡ್ಡದೆಂದು ತಿಳಿಸಿತು. ಅನಂತರ ಅಮಲೇರಿದ ಸ್ಥಿತಿಯಲ್ಲಿ ನಮಾಝನ್ನು ಸಮೀಪಿಸಬಾರದೆಂದು ವಿಧಿಸಿತು. ಕೊನೆಗೆ ಪೂರ್ಣವಾಗಿ ನಿಷೇಧಿಸಿತು. ಆಗ ಜನರು ತಮ್ಮ ಪಾತ್ರೆಗಳನ್ನು ತಾವೇ ಬೀದಿಗೆ ಚೆಲ್ಲಿದರು. ಇಂದು ಆ ನಿಷೇಧದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಆದರೆ ಮನುಷ್ಯನನ್ನು ಚಟದಿಂದ ಬಿಡಿಸಬೇಕಾದರೆ ಕಾನೂನಿನ ಜೊತೆಗೆ ಮನಸ್ಸಿನ ತಯಾರಿಯೂ ಸುತ್ತಲಿನ ಸಮಾಜವೂ ಬೇಕೆಂಬ ಪಾಠ ಅದರಲ್ಲಿದೆ.

ಪೋರ್ಟ್ಸ್‌ಮೌತ್ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. ಊರಿನಲ್ಲಿ ಚಿಕಿತ್ಸಾ ಕೇಂದ್ರಗಳು ಬೆಳೆದವು. 2014ರಲ್ಲಿ ಬಡವರ ಸರಕಾರಿ ಆರೋಗ್ಯ ವಿಮೆಯನ್ನು ಓಹಾಯೋ ವಿಸ್ತರಿಸಿದ ಮೇಲೆ ಕೈಯಲ್ಲಿ ಕಾಸಿಲ್ಲದವರಿಗೂ ಚಿಕಿತ್ಸೆಯ ಬಾಗಿಲು ತೆರೆಯಿತು. ಹಿಂದೆ ತಾವೇ ವ್ಯಸನಿಗಳಾಗಿದ್ದವರು ಈಗ ಆಪ್ತ ಸಲಹೆಗಾರರಾಗಿ ಇತರರ ಕೈ ಹಿಡಿದರು. ಬೇರೆ ಊರುಗಳ ವ್ಯಸನಿಗಳೂ ಅಲ್ಲಿಗೆ ಬರತೊಡಗಿದಾಗ ಕೆಲವರು ಗೊಣಗಿದ್ದೂ ಉಂಟು. ಬ್ಯುಪ್ರಿನಾರ್ಫಿನ್, ಮೆಥಡೋನ್‌ನಂತಹ ಔಷಧಗಳನ್ನು ನೀಡುವಾಗ "ಇದು ಒಂದು ಅಮಲಿನ ಬದಲು ಇನ್ನೊಂದು ಅಮಲಲ್ಲವೇ?" ಎಂದು ಕೇಳುವವರು ಎಲ್ಲೆಡೆ ಇದ್ದಾರೆ. ವೈದ್ಯರ ನಿಗಾದಲ್ಲಿ ಅಳತೆಯಿಂದ ಕೊಡುವ ಈ ಔಷಧಗಳ ಉದ್ದೇಶ ಅಮಲೇರಿಸುವುದಲ್ಲ. ಅವು ಆ ಯಾತನೆಯನ್ನು ತಣಿಸಿ, ಸಾವಿನ ಅಪಾಯವನ್ನು ಬಹಳಷ್ಟು ತಗ್ಗಿಸುತ್ತವೆ. ಬಿಟ್ಟವನು ಮತ್ತೆ ಜಾರುವುದು ಈ ದಾರಿಯಲ್ಲಿ ಸಾಮಾನ್ಯ. ಆ ಜಾರುವಿಕೆಯೇ ಅತ್ಯಂತ ಅಪಾಯಕಾರಿ. ಏಕೆಂದರೆ ಕೆಲವು ವಾರ ಬಿಟ್ಟ ದೇಹವು ಹಳೆಯ ಪ್ರಮಾಣವನ್ನು ತಾಳಲಾರದು. ನಾಚಿಕೆಯಿಂದ ಒಬ್ಬನೇ ಬಾಗಿಲು ಹಾಕಿಕೊಂಡು ಸೇವಿಸಿದವನನ್ನು ಎಬ್ಬಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹೌದು, ಎಷ್ಟೋ ಸಲ ಕೊಲ್ಲುವುದು ವಿಷದ ಜೊತೆಗೆ ಒಂಟಿತನವೂ ಹೌದು.

ಪ್ರವಾದಿವರ್ಯರ(ಸ) ಕಾಲದಲ್ಲಿ ಒಬ್ಬರು ಮದ್ಯಪಾನದ ಅಪರಾಧಕ್ಕಾಗಿ ಮತ್ತೆ ಮತ್ತೆ ಅವರ ಮುಂದೆ ತರಲ್ಪಡುತ್ತಿದ್ದರು, ಶಿಕ್ಷೆಗೂ ಗುರಿಯಾಗುತ್ತಿದ್ದರು. ಒಮ್ಮೆ ಅಲ್ಲಿದ್ದವರೊಬ್ಬರು ಬೇಸತ್ತು ಆ ವ್ಯಕ್ತಿಯನ್ನು ಶಪಿಸಿದರು. ಪ್ರವಾದಿವರ್ಯರು(ಸ) ತಡೆದರು. ಆ ವ್ಯಕ್ತಿಗೆ ಅಲ್ಲಾಹನ ಮೇಲೂ ಅವನ ಸಂದೇಶವಾಹಕರ ಮೇಲೂ ಪ್ರೀತಿಯಿದೆಯೆಂದು ಸಾಕ್ಷಿ ನುಡಿದರು. ಶಿಕ್ಷೆಯನ್ನು ಕೈಬಿಡಲಿಲ್ಲ, ಅಂದರೆ ಕೃತ್ಯವನ್ನು ಹಗುರಗೊಳಿಸಲಿಲ್ಲ. ಆದರೆ ಶಾಪಕ್ಕೆ ಅವಕಾಶ ಕೊಡಲಿಲ್ಲ, ಅಂದರೆ ವ್ಯಕ್ತಿಯನ್ನು ಕಳೆದುಕೊಳ್ಳಲಿಲ್ಲ. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಅವನು ಮಾಡಿದ್ದು ತಪ್ಪು, ಅವನು ಚಿಕಿತ್ಸೆ ಬೇಕಾದವನು, ಮತ್ತು ಅವನು ನಮ್ಮವನು. ಈ ಮೂರೂ ಏಕಕಾಲದಲ್ಲಿ ಸತ್ಯ. ಮೂರನೆಯದನ್ನು ಕಿತ್ತುಹಾಕಿದರೆ ಮೊದಲನೆಯದು ಬರೀ ಕ್ರೌರ್ಯವಾಗುತ್ತದೆ, ಎರಡನೆಯದು ಬರೀ ಆಸ್ಪತ್ರೆಯ ಕಡತವಾಗುತ್ತದೆ.

ಇನ್ನು ನಮ್ಮ ಮನೆಗಳ ಕಡೆಗೆ ನೋಡೋಣ. ಮಗನ ಕಣ್ಣು ಕೆಂಪಾದಾಗ, ಮನೆಯ ಹಣ ಕಾಣೆಯಾಗತೊಡಗಿದಾಗ ನಾವು ಮಾಡುವುದೇನು? ಮೊದಲು ಮುಚ್ಚಿಡುತ್ತೇವೆ. ಮತ್ತೆ "ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂದು ಏನೂ ಅರಿಯದ ಒಬ್ಬ ಹೆಣ್ಣುಮಗಳ ಬದುಕನ್ನು ಪಣಕ್ಕಿಡುತ್ತೇವೆ. ಇಲ್ಲವೇ "ಗಲ್ಫಿಗೆ ಕಳುಹಿಸಿದರೆ ಬುದ್ಧಿ ಬರುತ್ತದೆ" ಎಂದು ಸಾಗಹಾಕುತ್ತೇವೆ. ವೈದ್ಯರ ಬಳಿಗೆ ಹೋಗುವುದು ಎಲ್ಲದಕ್ಕೂ ಕೊನೆಯಲ್ಲಿ. ಹೇಗೋ ಅವನು ಬಿಟ್ಟು ಬಂದರೂ ಅವನಿಗೆ ಕೆಲಸ ಕೊಡುವವರಾರು? ಮಸೀದಿಯ ಸಾಲಿನಲ್ಲಿ ಅವನ ಪಕ್ಕ ನಿಂತವರು ನಮಾಝ್ ಮುಗಿದ ಮೇಲೆ ಅವನೊಡನೆ ಎರಡು ಮಾತಾಡುತ್ತಾರೆಯೇ? ಮೂರು ವರ್ಷ ಕಳೆದರೂ ಹಳೆಯ ಅಡ್ಡಹೆಸರಿನಿಂದಲೇ ಅವನನ್ನು ಗುರುತಿಸುವುದಾದರೆ, ತೌಬಾವನ್ನು ಸ್ವೀಕರಿಸುವ ಅಲ್ಲಾಹನಿಗಿಂತ ನಾವು ಹೆಚ್ಚು ಕಟ್ಟುನಿಟ್ಟಿನವರಾದಂತಲ್ಲವೇ?

ನೂರು ಕೊಲೆ ಮಾಡಿ ಪಶ್ಚಾತ್ತಾಪಪಟ್ಟವನ ವೃತ್ತಾಂತವು ಹದೀಸ್‌ಗಳಲ್ಲಿದೆ. ತೌಬಾದ ಬಾಗಿಲು ತೆರೆದಿದೆಯೆಂದು ತಿಳಿಸಿದ ವಿದ್ವಾಂಸರು ಅವನಿಗೆ ಒಂದು ಸೂಚನೆಯನ್ನೂ ಕೊಟ್ಟರು: ನಿನ್ನ ಊರಿಗೆ ಮರಳದೆ, ಸಜ್ಜನರಿರುವ ಇಂತಹ ಊರಿಗೆ ಹೋಗು ಎಂದರು. ಆ ದಾರಿಯಲ್ಲೇ ಅವನು ಸತ್ತನು, ಕ್ಷಮೆಯನ್ನೂ ಪಡೆದನು. ಪಶ್ಚಾತ್ತಾಪ ಒಬ್ಬನ ಹೃದಯದಲ್ಲಿ ಹುಟ್ಟುತ್ತದೆ, ಆದರೆ ಅದು ಉಳಿಯಲು ಒಂದು ಊರು ಬೇಕು. ಪೋರ್ಟ್ಸ್‌ಮೌತ್‌ನ ಹೆಚ್ಚಿನವರಿಗೆ ಹೊರಟುಹೋಗಲು ಬೇರೆ ಊರಿರಲಿಲ್ಲ. ಆದುದರಿಂದ ಇದ್ದ ಊರಿನಲ್ಲೇ ಕೆಲವರು ಆ ಇನ್ನೊಂದು ಊರನ್ನು ಕಟ್ಟಬೇಕಾಯಿತು.

ನಮ್ಮ ಓಣಿಯಲ್ಲಿಯೂ ಯಾವನೋ ಒಬ್ಬ ಯುವಕ ಇಂದು ದಾರಿಯ ನಡುವೆ ನಿಂತಿರಬಹುದು. ಅವನು ಹೊರಡಬೇಕಾದ ಸಜ್ಜನರ ಊರು ಯಾವುದೆಂದು ಯಾರಾದರೂ ಕೇಳಿದರೆ, ನಮ್ಮ ಜಮಾಅತಿನ ಹೆಸರು ಹೇಳುವಂತಿದೆಯೇ? ಹೇಳುವಂತೆ ಮಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.